ಜಗಲಿಯ ಮಾತು: ಎಲ್ಲರೂ ಕಟ್ಟಿದ ಮನೆಗೆ ಯಜಮಾನರಾರು?

ಈ ಸಂಚಿಕೆ ನಿಮ್ಮ ಕೈಸೇರುವುದು ಮೂರು ವಾರ ತಡವಾಯಿತು. ಅಂಚೆಯವರನ್ನಾಗಲಿ ಮುದ್ರಣಾಲಯದವರನ್ನಾಗಲಿ ದೂರುವಂತಿಲ್ಲ. ತಪ್ಪು ನಮ್ಮದೇ. ಅದನ್ನು ಮುಚ್ಚಿಡುವುದಕ್ಕಿಂತ ಜಗಲಿಯ ಮೇಲೆ ಕುಳಿತು ಹೇಳಿಬಿಡುವುದೇ ಲೇಸೆಂದು ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಪತ್ರಿಕೆಯ ಹೊದಿಕೆಯ ಮೇಲಿನ ತೇರನ್ನು ನೀವೆಲ್ಲ ಬಲ್ಲಿರಿ. ಮೂವತ್ತು ವರ್ಷಗಳಿಂದ ಅದು ನಿಂತಲ್ಲೇ ನಿಂತಿದೆ. ಒಂದಂಗುಲವೂ ಅತ್ತಿತ್ತ ಸರಿದಿಲ್ಲ. ಅದನ್ನು ಬರೆದುಕೊಟ್ಟ ಹಿರಿಯರು ಈಗ ನಮ್ಮ ನಡುವೆ ಇಲ್ಲ. ಕಳೆದ ಮೂರು ವರ್ಷಗಳಿಂದ ಪತ್ರಿಕೆಯ ಪುಟಗಳನ್ನು ಜೋಡಿಸಿಕೊಡುತ್ತಿರುವವನು ಒಬ್ಬ ತರುಣ. ಹಗಲೆಲ್ಲ ಕಚೇರಿಯಲ್ಲಿ ದುಡಿದು, ಸಂಜೆ ಸಂಘಕ್ಕೆ ಬಂದು, ಒಂದು ಕಾಸೂ ಕೇಳದೆ ಕೆಲಸಮಾಡಿ, ಕೊನೆಯ ಲೋಕಲ್ ಹಿಡಿದು ಡೊಂಬಿವಲಿಗೆ ಹೋಗುವವನು. ಅವನು ಒಂದು ಹೊಸ ಹೊದಿಕೆಯನ್ನು ಸಿದ್ಧಪಡಿಸಿ ತಂದ. ಅದರಲ್ಲಿ ಪತ್ರಿಕೆಯ ಹೆಸರು ದೊಡ್ಡದಾಗಿತ್ತು. ತೇರು ಚಿಕ್ಕದಾಗಿ ಕೆಳಗಿನ ಮೂಲೆಗೆ ಹೋಗಿತ್ತು.

ಕಾರ್ಯಕಾರಿ ಸಮಿತಿಯ ಅಂದಿನ ಸಭೆಯಲ್ಲಿ ವರ್ಷದ ಜಮಾಖರ್ಚು ಹತ್ತು ನಿಮಿಷದಲ್ಲಿ ಮಂಜೂರಾಯಿತು. ಸಭಾಗೃಹದ ಮಾಳಿಗೆಯ ದುರಸ್ತಿಗೆ ಲಕ್ಷಗಟ್ಟಲೆಯ ಅಂದಾಜು ಕಾಫಿ ಆರುವುದರೊಳಗೆ ಪಾಸಾಯಿತು. ಹೊದಿಕೆಯ ವಿಷಯ ಬಂದಾಗ ಮಾತ್ರ ಎರಡೂವರೆ ಗಂಟೆ ವಾಗ್ವಾದ ನಡೆಯಿತು. ಒಬ್ಬರಿಗೆ ಬಣ್ಣ ಹಿಡಿಸಲಿಲ್ಲ, ಒಬ್ಬರಿಗೆ ಅಕ್ಷರ ಹಿಡಿಸಲಿಲ್ಲ, ಒಬ್ಬರಿಗೆ ತೇರಿನ ಕಳಶ ಯಾವ ದಿಕ್ಕಿಗಿದೆ ಎಂಬ ಚಿಂತೆ. ಆಗ ನಾವು, ಹಾಸ್ಯವೆಂದುಕೊಂಡು, ಒಂದು ಮಾತನ್ನಾಡಿದೆವು: "ತೇರು ಎಳೆಯುವವರು ಬರುತ್ತಾರೆ, ಹೋಗುತ್ತಾರೆ ಕಣಪ್ಪ, ತೇರು ಮಾತ್ರ ಅಲ್ಲೇ ಇರಬೇಕು." ಎಲ್ಲರೂ ನಕ್ಕರು. ವಿಷಯವನ್ನು ಉಪಸಮಿತಿಗೆ ವಹಿಸಬೇಕೆಂದು ಠರಾವಾಯಿತು. ತರುಣನು ತನ್ನ ಕಾಗದಗಳನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋದವನು ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಹೀಗಿರಲಾಗಿ, ಪುಣೆಯ ನಮ್ಮ ಸದಸ್ಯ ಕುಟುಂಬವೊಂದರ ಮಗಳು ಯಾವುದೋ ಮದುವೆಗೆಂದು ಮುಂಬಯಿಗೆ ಬಂದವಳು ನಮ್ಮನ್ನು ನೋಡಲು ಬಂದಳು. ಆಕೆಗೆ ಗಣಕ ತಂತ್ರಾಂಶದ ಕಂಪನಿಯೊಂದರಲ್ಲಿ ಕೆಲಸ. ಬಿಡುವಿನಲ್ಲಿ ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಸ್ವಯಂಸೇವೆ. ನಮ್ಮ ಕಥೆಯನ್ನೆಲ್ಲ ಕೇಳಿ ಆಕೆ ನಕ್ಕು, "ಕಾಕಾ, ನಿಮ್ಮ ಸಭೆಯ ಜಗಳ ನಮ್ಮಲ್ಲಿ ದಿನಾ ಆಗತದ. ಅದಕ್ಕೊಂದು ಹೆಸರೂ ಅದ, ಸೈಕಲ್ ಶೆಡ್ ಅಂತ" ಎಂದಳು.

ಹೆಸರಿನ ಹಿಂದೆ ಒಂದು ಕಥೆಯಿದೆ. ಪಾರ್ಕಿನ್‌ಸನ್ ಎಂಬ ಆಂಗ್ಲ ಲೇಖಕರು ೧೯೫೭ರಲ್ಲಿ ಒಂದು ವಿನೋದದ ಪುಸ್ತಕ ಬರೆದರು. ಅದರಲ್ಲೊಂದು ಸಮಿತಿ. ಕೋಟಿಗಟ್ಟಲೆ ಬೆಲೆಯ ಅಣುಸ್ಥಾವರಕ್ಕೆ ಅದು ಕ್ಷಣಾರ್ಧದಲ್ಲಿ ಒಪ್ಪಿಗೆ ಕೊಡುತ್ತದೆ. ಏಕೆಂದರೆ ಯಾರಿಗೂ ಅದು ತಿಳಿಯದು. ನೌಕರರ ಸೈಕಲ್ ನಿಲ್ಲಿಸುವ ಮಾಡಿನ ಬಗ್ಗೆ ಮಾತ್ರ ಬಹು ಹೊತ್ತು ಚರ್ಚಿಸುತ್ತದೆ. ಏಕೆಂದರೆ ಅದು ಎಲ್ಲರಿಗೂ ತಿಳಿಯುತ್ತದೆ. ಫ್ರೀಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶದ ಬಳಗದಲ್ಲಿ ೧೯೯೯ರಲ್ಲಿ ಸಣ್ಣ ವಿಷಯಕ್ಕೆ ದೊಡ್ಡ ಜಗಳವಾದಾಗ ಪೌಲ್ ಹೆನಿಂಗ್ ಕಾಂಪ್ ಎಂಬ ಡೇನಿಷ್ ಕುಶಲರು ಈ ಕಥೆಯನ್ನು ನೆನಪಿಸಿದರು. ಅಂದಿನಿಂದ ಆ ಲೋಕದಲ್ಲಿ ಅದು ಗಾದೆಯಾಗಿಬಿಟ್ಟಿದೆ. ನಮ್ಮ ಜಮಾಖರ್ಚನ್ನೂ ತೇರನ್ನೂ ನೆನೆದು ನಾವು ತಲೆ ತಗ್ಗಿಸಿದೆವು.

ಈ ಮುಕ್ತ ತಂತ್ರಾಂಶವೆಂದರೇನು ಎಂದು ಮನೆಯ ಹಿರಿಯರು ಕೇಳಬಹುದು. ಗಣಕಯಂತ್ರವನ್ನು ನಡೆಸುವ ಆದೇಶಗಳ ಸಮೂಹವೇ ತಂತ್ರಾಂಶ. ಅದರ ಮೂಲ ಬರಹವನ್ನು ಬಚ್ಚಿಡದೆ, ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಕೊಟ್ಟರೆ ಅದು ಮುಕ್ತ. ಅಡುಗೆಯನ್ನಷ್ಟೆ ಬಡಿಸದೆ ಮಾಡುವ ವಿಧಾನವನ್ನೂ ಬರೆದುಕೊಟ್ಟಂತೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಹವ್ಯಾಸಕ್ಕೆಂದು ಆರಂಭಿಸಿದ ಲಿನಕ್ಸ್ ಇಂತಹದೇ. ಇಂದು ನಿಮ್ಮ ಕೈಯ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದು ಅದೇ. ಇಂಥವುಗಳನ್ನು ಕಟ್ಟಿದವರಲ್ಲಿ ಸಂಬಳಕ್ಕಾಗಿ ಕಟ್ಟಿದವರೂ ಉಂಟು, ಬಿಟ್ಟಿ ದುಡಿದವರೂ ಉಂಟು. ಹಾಗಾದರೆ ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ಯಾರದು? ಪ್ರಶ್ನೆ ನಮ್ಮ ತೇರಿನದೇ ಆದುದರಿಂದ ಆಕೆ ಊರಿಗೆ ಮರಳಿದ ಮೇಲೆಯೂ ನಾವು ಅದರ ಬೆನ್ನುಹತ್ತಿ ಓದಿದೆವು. ಓದಿದ್ದರಲ್ಲಿ ಮೂರು ಪ್ರಸಂಗಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು ಯಜಮಾನಿಕೆಯ ಪ್ರಸಂಗ. ಉಬುಂಟು ಎಂಬ ತಂತ್ರಾಂಶವ್ಯವಸ್ಥೆಯನ್ನು ೨೦೦೪ರಲ್ಲಿ ಆರಂಭಿಸಿದವರು ಮಾರ್ಕ್ ಶಟಲ್‌ವರ್ತ್. ೨೦೦೨ರಲ್ಲಿ ಅಂತರಿಕ್ಷಕ್ಕೆ ಹೋಗಿಬಂದ ಮೊದಲ ದಕ್ಷಿಣ ಆಫ್ರಿಕದ ಪ್ರಜೆಯೂ ಅವರೇ. ಹಣ ಹಾಕಿದವರೂ ಅವರೇ ಆದುದರಿಂದ ಆಜೀವ ಸರ್ವಾಧಿಕಾರಿ ಎಂಬ ಬಿರುದನ್ನು ಅರ್ಧ ವಿನೋದದಿಂದ ತಾವೇ ಧರಿಸಿದ್ದರು. ಗಣಕದ ಪರದೆಯ ಮೇಲೆ ತೆರೆಯುವ ಪ್ರತಿಯೊಂದು ಕಿಟಕಿಗೂ ಮುಚ್ಚಲು, ಹಿಗ್ಗಿಸಲು, ಕುಗ್ಗಿಸಲು ಮೂರು ಗುಂಡಿಗಳಿರುತ್ತವಷ್ಟೆ. ಉಬುಂಟುವಿನಲ್ಲಿ ಅವು ಬಲಗಡೆ ಇದ್ದವು. ೨೦೧೦ರ ಏಪ್ರಿಲ್ ಆವೃತ್ತಿಗೆಂದು ಅವರ ವಿನ್ಯಾಸದ ತಂಡ ಅವುಗಳನ್ನು ಎಡಕ್ಕೆ ಸರಿಸಿತು. ಬಳಕೆದಾರರು ಹುಯಿಲಿಟ್ಟರು. ಎಷ್ಟೋ ಕಾಲದ ಕೈರೂಢಿ ತಪ್ಪಿತೆಂದು ಕೆಲವರು, ನಮ್ಮನ್ನೊಂದು ಮಾತು ಕೇಳಲಿಲ್ಲವೆಂದು ಹಲವರು. ಶಟಲ್‌ವರ್ತರು ಕೊಟ್ಟ ಉತ್ತರದ ಸಾರವಿಷ್ಟು: ಇದು ಪ್ರಜಾಪ್ರಭುತ್ವವಲ್ಲ, ಆಧಾರಸಹಿತವಾದ ಅಭಿಪ್ರಾಯ ಕೊಡಿ, ಕೇಳುತ್ತೇವೆ, ವಿನ್ಯಾಸವನ್ನು ಮತಕ್ಕೆ ಹಾಕುವುದಿಲ್ಲ. ಗುಂಡಿಗಳು ಎಡದಲ್ಲೇ ಉಳಿದವು. ೨೦೧೭ರ ಅಕ್ಟೋಬರಿನಲ್ಲಿ ಉಬುಂಟು ತನ್ನ ಪರದೆಯ ವ್ಯವಸ್ಥೆಯನ್ನೇ ಬದಲಿಸಿ ಗ್ನೋಮ್ ಎಂಬುದಕ್ಕೆ ಮರಳಿದಾಗ, ಸದ್ದಿಲ್ಲದೆ ಬಲಕ್ಕೆ ಬಂದವು.

ಇದರಲ್ಲಿ ಯಾರದು ಸರಿ? ಮೊದಲು ನಮಗೆ ಶಟಲ್‌ವರ್ತರ ಮಾತು ಅಹಂಕಾರವೆನಿಸಿತು. ಆದರೆ ಯೋಚಿಸಿದರೆ ಅದರಲ್ಲೂ ಹುರುಳಿದೆ. ಹತ್ತು ಜನ ಒಂದೊಂದು ಗೆರೆ ಎಳೆದರೆ ಚಿತ್ರವಾಗದು. ಮದುವೆಯ ಸಾರಿಗೆ ಬಂದವರೆಲ್ಲ ಒಂದೊಂದು ಚಿಟಿಕೆ ಉಪ್ಪು ಹಾಕಿದರೆ ಉಣ್ಣುವವರಾರು? ಇಷ್ಟು ಒಪ್ಪಿದರೂ ಒಂದು ಕೊರತೆ ಉಳಿಯುತ್ತದೆ. ಉಪ್ಪು ಹಾಕುವ ಅಧಿಕಾರ ಬಾಣಸಿಗನದು ನಿಜ. ಆದರೆ ಆ ಅಡುಗೆಗೆ ಕಾಯಿ ತುರಿದವರು, ನೀರು ಹೊತ್ತವರು ಪುಕ್ಕಟೆಯಾಗಿ ದುಡಿದವರಾದರೆ, ಉಪ್ಪು ಏಕೆ ಹೆಚ್ಚಾಯಿತೆಂಬ ಕಾರಣವನ್ನು ಮುಂಚಿತವಾಗಿ ಕೇಳುವ ಹಕ್ಕಾದರೂ ಅವರಿಗಿದೆ. ಉಬುಂಟುವಿನ ನೆರವಿಗೆ ಸಂಬಳವಿಲ್ಲದೆ ನಿಂತಿದ್ದವರ ನೋವು ಗುಂಡಿಯದಕ್ಕಿಂತ ಇದೇ ಆಗಿತ್ತು.

ಎರಡನೆಯದು ಸಂವಿಧಾನದ ಪ್ರಸಂಗ. ಉಬುಂಟುವಿಗೆ ಅಡಿಪಾಯವಾದ ಡೆಬಿಯನ್ ಎಂಬ ವ್ಯವಸ್ಥೆಯನ್ನು ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಹುಟ್ಟುಹಾಕಿದ. ಪ್ರೇಯಸಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಡೆಬಿಯನ್ ಎಂದು ಕರೆದ. ಈ ಬಳಗದವರು ೧೯೯೮ರಲ್ಲಿ ತಮಗಾಗಿ ಒಂದು ಸಂವಿಧಾನವನ್ನೇ ಬರೆದುಕೊಂಡರು. ವರ್ಷಕ್ಕೊಮ್ಮೆ ನಾಯಕರ ಚುನಾವಣೆ. ತಾಂತ್ರಿಕ ವಿವಾದಗಳಿಗೆ ಒಂದು ಸಮಿತಿ. ಎಲ್ಲಕ್ಕೂ ಮೇಲೆ ಸದಸ್ಯರ ಮತದಾನ. ಅದರಲ್ಲಿ ಎರಡು ವಿಧಿಗಳು ನಮ್ಮ ಮನಸ್ಸನ್ನು ಸೆಳೆದವು. ತಾನು ವಹಿಸಿಕೊಂಡ ಕೆಲಸದಲ್ಲಿ ತೀರ್ಮಾನ ಮಾಡುವ ಅಧಿಕಾರ ಆಯಾ ಕೆಲಸಗಾರನದು ಎಂಬುದೊಂದು. ಯಾರಿಗೂ ಯಾವ ಕೆಲಸವನ್ನೂ ಮಾಡಲೇಬೇಕೆಂಬ ಕಟ್ಟಳೆಯಿಲ್ಲ, ಆದರೆ ಕೂಡಿ ಮಾಡಿದ ನಿಯಮಕ್ಕೆ ವಿರುದ್ಧವಾಗಿ ಅಡ್ಡಗಾಲು ಹಾಕಬಾರದು ಎಂಬುದು ಇನ್ನೊಂದು. ಸ್ವಯಂಸೇವೆಯ ಧರ್ಮವೆಲ್ಲ ಈ ಎರಡು ವಾಕ್ಯಗಳಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ. ಬಿಟ್ಟಿ ದುಡಿಯುವವನಿಗೆ ಆಜ್ಞೆ ಮಾಡಲಾಗದು. ಅವನ ಕೆಲಸವನ್ನು ಕಿತ್ತುಕೊಂಡು ಬೇರೆಯವರ ಕೈಗೆ ಕೊಟ್ಟು, ನೀನು ಮಾತ್ರ ದುಡಿಯುತ್ತಲೇ ಇರು ಎನ್ನಲೂ ಆಗದು.

ಸಂವಿಧಾನವಿದ್ದರೂ ನೋವು ತಪ್ಪಲಿಲ್ಲ. ಗಣಕವನ್ನು ಹೊತ್ತಿಸಿದೊಡನೆ ಮಿಕ್ಕ ಕೆಲಸಗಳನ್ನೆಲ್ಲ ಎಬ್ಬಿಸಿ ಸಾಲಾಗಿ ನಿಲ್ಲಿಸುವ ಒಂದು ಭಾಗವಿರುತ್ತದೆ. ಅದನ್ನು ಹಳೆಯ ಬಗೆಯಲ್ಲೇ ಬಿಡಬೇಕೋ, ಹೊಸದಾದ ಸಿಸ್ಟಮ್‌ಡಿ ಎಂಬುದನ್ನು ತರಬೇಕೋ ಎಂದು ದೊಡ್ಡ ವಿವಾದವೆದ್ದಿತು. ತಾಂತ್ರಿಕ ಸಮಿತಿಯಲ್ಲಿ ಎಂಟು ಜನ. ೨೦೧೪ರ ಫೆಬ್ರವರಿಯಲ್ಲಿ ಮತಗಳು ಸಮಸಮವಾಗಿ ನಿಂತು, ಅಧ್ಯಕ್ಷರ ನಿರ್ಣಾಯಕ ಮತದಿಂದ ಹೊಸದು ಗೆದ್ದಿತು. ಅಸಮಾಧಾನ ಹೊಗೆಯಾಡುತ್ತಲೇ ಇತ್ತು. ನವೆಂಬರಿನಲ್ಲಿ ಎಲ್ಲ ಸದಸ್ಯರ ಮತದಾನ ನಡೆಯಿತು. ಗೆದ್ದ ಠರಾವು ಯಾವುದೆಂದುಕೊಂಡಿರಿ? ಈ ವಿಷಯಕ್ಕೆ ಸಾರ್ವತ್ರಿಕ ಠರಾವೇ ಬೇಕಾಗಿಲ್ಲ ಎಂಬುದು! ಅಷ್ಟರಲ್ಲಿ ದಣಿವು ತನ್ನ ಬಲಿಯನ್ನು ತೆಗೆದುಕೊಂಡಿತ್ತು. ಸಮಿತಿಯ ಮೂವರು ಅದೇ ತಿಂಗಳಲ್ಲಿ ಒಬ್ಬರ ಹಿಂದೊಬ್ಬರಂತೆ ಸ್ಥಾನ ಬಿಟ್ಟರು. ಹಳೆಯದೇ ಬೇಕೆಂದವರು ಕೆಲವರು ಸೇರಿ ದೆವುವಾನ್ ಎಂಬ ಬೇರೆ ಮನೆಯನ್ನೇ ಹೂಡಿದರು.

ಹೀಗೆ ಮನೆ ಒಡೆಯುವುದಕ್ಕೆ ಅವರಲ್ಲಿ ಕವಲೊಡೆಯುವುದು ಎನ್ನುತ್ತಾರೆ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರೆ ಹೊಲ ಅರ್ಧ, ಹಿತ್ತಿಲು ಅರ್ಧ, ನಡುಮನೆಗೆ ಗೋಡೆ. ಮುಕ್ತ ತಂತ್ರಾಂಶದಲ್ಲಿ ಹಾಗಲ್ಲ. ಬರಹವನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾದುದರಿಂದ ಇಬ್ಬರಿಗೂ ಇಡೀ ಮನೆ ಸಿಗುತ್ತದೆ. ಎಂತಹ ಸುಖದ ವಿಭಾಗ ಎಂದುಕೊಂಡೆವು. ಅದಕ್ಕೆ ಪುಣೆಯ ಹುಡುಗಿ ದೂರವಾಣಿಯಲ್ಲಿ ಕೊಟ್ಟ ಉತ್ತರ ನಮ್ಮನ್ನು ಎಚ್ಚರಿಸಿತು: "ಕಾಕಾ, ಮನಿ ಎರಡಾಗತಾವ ಖರೆ, ಮಂದಿ ಎರಡಾಗೂದಿಲ್ಲಲ್ಲ. ಇದ್ದ ಹತ್ತು ಮಂದಿ ಐದೈದಾಗತಾರ." ಹೌದು, ಪಾಲಾಗುವುದು ಕೈಗಳು. ಸ್ವಯಂಸೇವಕರ ಬಳಗದ ನಿಜವಾದ ಆಸ್ತಿ ಅದೊಂದೇ.

ಮೂರನೆಯದು ದಣಿದ ಯಜಮಾನರ ಪ್ರಸಂಗ. ನಮ್ಮ ಮಕ್ಕಳು ಮೊಮ್ಮಕ್ಕಳು ಈಗ ಶಾಲೆಯಲ್ಲೇ ಕಲಿಯುವ ಪೈಥಾನ್ ಎಂಬ ಗಣಕಭಾಷೆಯನ್ನು ಗಿಡೊ ವಾನ್ ರೊಸಮ್ ಎಂಬ ಡಚ್ಚರು ೧೯೮೯ರ ಕ್ರಿಸ್‌ಮಸ್ ರಜೆಯಲ್ಲಿ ಬರೆಯತೊಡಗಿದರು. ೧೯೯೧ರಲ್ಲಿ ಲೋಕಕ್ಕೆ ಬಿಟ್ಟರು. ಹೆಸರು ಹಾವಿನದಲ್ಲ, ಒಂದು ಹಾಸ್ಯದ ಟೆಲಿವಿಷನ್ ಕಾರ್ಯಕ್ರಮದ್ದು. ಬಳಗದವರು ಅವರನ್ನು ಪ್ರೀತಿಯಿಂದ ಆಜೀವ ದಯಾಳು ಸರ್ವಾಧಿಕಾರಿ ಎನ್ನುತ್ತಿದ್ದರು. ಯಾರಿಗಾದರೂ ಭಾಷೆಯಲ್ಲಿ ಬದಲಾವಣೆ ಬೇಕಿದ್ದರೆ ಬಾಯಿಮಾತು ಸಾಲದು. ಏನು ಬೇಕು, ಏಕೆ ಬೇಕು, ಬೇರೆ ದಾರಿ ಏಕೆ ಒಲ್ಲದು ಎಂಬುದನ್ನು ಬರೆದು ಸೂಚನಾಪತ್ರ ಸಲ್ಲಿಸಬೇಕು. ಎಲ್ಲರೂ ಚರ್ಚಿಸಿದ ಮೇಲೆ ಕೊನೆಯ ಮಾತು ಗಿಡೊ ಅವರದು. ಈ ಪದ್ಧತಿ ೨೦೦೦ದಿಂದ ನಡೆದುಬಂದಿತ್ತು.

ಐನೂರ ಎಪ್ಪತ್ತೆರಡನೆಯ ಸೂಚನಾಪತ್ರ ಒಂದು ಹೊಸ ಚಿಹ್ನೆಯದು: ಒಂದರ ಮೇಲೊಂದು ಎರಡು ಚುಕ್ಕಿ, ಪಕ್ಕದಲ್ಲಿ ಸಮಚಿಹ್ನೆ. ತಲೆ ಓರೆಮಾಡಿ ನೋಡಿದರೆ ಎರಡು ಕಣ್ಣು, ಎರಡು ಕೋರೆ. ಅದಕ್ಕೇ ವಾಲ್ರಸ್ ಎಂಬ ಕಡಲಪ್ರಾಣಿಯ ಹೆಸರು ಅದಕ್ಕಂಟಿತು. ಈ ಪುಟ್ಟ ಚಿಹ್ನೆಗಾಗಿ ೨೦೧೮ರಲ್ಲಿ ತಿಂಗಳುಗಟ್ಟಲೆ ಕಲಹ. ಬೇಕೆಂಬವರಷ್ಟೇ ಬಿರುಸಾಗಿ ಬೇಡವೆಂಬವರು. ಗಿಡೊ ಅದನ್ನು ಅಂಗೀಕರಿಸಿದರು. ಜುಲೈ ೧೨ರಂದು ತಮ್ಮ ಯಜಮಾನಿಕೆಯನ್ನೇ ಬಿಟ್ಟುಬಿಟ್ಟರು. ಒಂದು ಸೂಚನೆಗಾಗಿ ಇಷ್ಟು ಹೋರಾಡಿ, ಕೊನೆಗೆ ಇಷ್ಟು ಜನರ ತಿರಸ್ಕಾರ ಹೊರುವುದು ಇನ್ನು ತಮ್ಮಿಂದಾಗದೆಂದು ತಿಳಿಸಿದರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ, ಹೇಗೆ ನಡೆಸಿಕೊಳ್ಳುವಿರೋ ನೀವೇ ಯೋಚಿಸಿ ಎಂದರು.

ಇಲ್ಲಿಂದ ಮುಂದಿನದು ನಮಗೆ ಪಾಠ. ಬಳಗ ಚದರಲಿಲ್ಲ. ಮುಂದಿನ ಆಡಳಿತ ಹೇಗಿರಬೇಕೆಂಬುದಕ್ಕೆ ಏಳು ಸೂಚನಾಪತ್ರಗಳು ಬಂದವು. ಮತ್ತೊಬ್ಬ ಏಕನಾಯಕ ಬೇಕೆಂದು ಒಂದು, ಮೂವರಿರಲಿ ಎಂದು ಒಂದು, ಹೊರಗಿನ ಹಿರಿಯರ ಮಂಡಲಿಯಿರಲಿ ಎಂದು ಇನ್ನೊಂದು. ಡಿಸೆಂಬರಿನಲ್ಲಿ ಮತದಾನವಾಯಿತು. ಐವರು ಸದಸ್ಯರ ಒಂದು ಮಾರ್ಗದರ್ಶಕ ಮಂಡಲಿ ಗೆದ್ದಿತು. ಅದರ ಕಟ್ಟಳೆ ಜಾಣತನದ್ದು: ಭಾಷೆಯ ಹೊಸ ಆವೃತ್ತಿ ಹೊರಬಂದಾಗಲೆಲ್ಲ ಮಂಡಲಿಗೆ ಹೊಸ ಚುನಾವಣೆ, ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಕೂಡದು, ಅಧಿಕಾರ ಪೂರ್ಣ, ಆದರೆ ಅದನ್ನು ಆದಷ್ಟು ಕಡಿಮೆ ಬಳಸಬೇಕು. ೨೦೧೯ರ ಮೊದಲ ಮಂಡಲಿಗೆ ಗಿಡೊ ಐವರಲ್ಲೊಬ್ಬರಾಗಿ ಆರಿಸಿಬಂದರು. ಆ ವರ್ಷದ ಕೊನೆಯ ಚುನಾವಣೆಯಿಂದ ತಾವಾಗಿಯೇ ಹಿಂದೆ ಸರಿದರು. ಮಗನ ಕೈಗೆ ಬೀಗದಕೈ ಕೊಟ್ಟು, ಕೆಲವು ದಿನ ಪಡಸಾಲೆಯಲ್ಲಿದ್ದು, ಆಮೇಲೆ ತೀರ್ಥಯಾತ್ರೆಗೆ ಹೊರಟ ಹಿರಿಯರಂತೆ ಕಂಡರು ಅವರು ನಮಗೆ.

ಅಂತರಜಾಲದ ನಿಯಮಗಳನ್ನು ಬರೆಯುವ ಇಂಜಿನಿಯರುಗಳ ಕೂಟವೊಂದಿದೆ. ಅವರು ಕೈಯೆತ್ತಿಸಿ ತಲೆ ಎಣಿಸುವ ಬದಲು, ಒಪ್ಪಿದವರು ಬಾಯಿ ಮುಚ್ಚಿಕೊಂಡೇ ಹೂಂಗುಟ್ಟಿ ಎನ್ನುತ್ತಾರಂತೆ. ಬಳಿಕ ಒಪ್ಪದವರು ಹೂಂಗುಟ್ಟಬೇಕು. ಅಜ್ಜಿಯ ಕಥೆಗೆ ಹೂಂಗುಟ್ಟಿ ಬೆಳೆದ ನಮಗೆ ಇದನ್ನು ಓದಿ ನಗು ಬಂದಿತು. ಆದರೆ ಒಳಗಿನ ತತ್ತ್ವ ನಗುವಂತಹದಲ್ಲ. ಎಷ್ಟು ಜನ ಬೇಡವೆಂದರು ಎಂಬುದು ಅವರಿಗೆ ಮುಖ್ಯವಲ್ಲ. ಬೇಡವೆಂದುದಕ್ಕೆ ಕಾರಣವೇನು, ಅದಕ್ಕೆ ಸಮಾಧಾನ ಹೇಳಿದ್ದಾಯಿತೇ ಎಂಬುದು ಮುಖ್ಯ. ಸಮಾಧಾನ ಹೇಳಿದ ಮೇಲೂ ಒಬ್ಬಿಬ್ಬರು ಒಪ್ಪದಿದ್ದರೆ ಕೆಲಸ ನಿಲ್ಲುವುದಿಲ್ಲ. ಕೇಳದೆ ಮುಂದುವರಿಯುವುದು ಮಾತ್ರ ತಪ್ಪು.

ನಮ್ಮ ಕನ್ನಡದ ಕೆಲಸದಲ್ಲೂ ಇದೇ ತೊಡಕು ಉಂಟೆಂದು ಪುಣೆಯ ಹುಡುಗಿ ಹೇಳಿದಳು. ಪರದೆಯ ಮೇಲಿನ ಫೈಲಿಗೆ ಕಡತವೆನ್ನಬೇಕೋ, ಫೈಲೆಂದೇ ಬಿಡಬೇಕೋ? ಧಾರವಾಡದವರಿಗೊಂದು ಸರಿ, ಮೈಸೂರಿನವರಿಗೊಂದು ಸರಿ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ಮತ್ತೊಂದು. ಗ್ನೋಮ್ ಬಳಗದಲ್ಲಿ ಒಂದೊಂದು ಭಾಷೆಯ ಅನುವಾದಕ್ಕೂ ಒಬ್ಬ ಸಂಯೋಜಕರಿರುತ್ತಾರೆ. ಎಲ್ಲರ ಮಾತು ಕೇಳಿ ಒಂದನ್ನು ಹಿಡಿಯುವ ಹೊಣೆ ಅವರದು. "ಪದ ತಪ್ಪಾದ್ರ ಮುಂದಿನ ಸಲ ತಿದ್ದಬಹುದು ಕಾಕಾ. ಪದ ಹಾಕೋ ಮನಷ್ಯಾನ ಹೋದ್ರ ಏನ ಮಾಡೂದು?" ಎಂದಳು.

ಆ ಪ್ರಶ್ನೆಯನ್ನು ಹೊತ್ತುಕೊಂಡು ನಾವು ಒಂದು ಭಾನುವಾರ ಡೊಂಬಿವಲಿಗೆ ಹೋದೆವು. ತರುಣನ ತಾಯಿ ಅವಲಕ್ಕಿ, ಚಹ ಕೊಟ್ಟರು. ನಮ್ಮ ಹಾಸ್ಯಕ್ಕೆ ಕ್ಷಮೆ ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ರಾಯರೆ, ಬೇಡ ಅಂದಿದ್ರೂ ನನಗೆ ಬೇಜಾರಾಗ್ತಿರಲಿಲ್ಲ. ಎರಡೂವರೆ ಗಂಟೆ ಮಾತಾಡಿದ್ರಿ. ಯಾಕಪ್ಪ ಹೀಗೆ ಮಾಡಿದೆ ಅಂತ ಒಬ್ಬರೂ ಕೇಳಲಿಲ್ಲ" ಎಂದ.

"ಈಗ ಕೇಳುತ್ತೇವೆ, ಹೇಳಪ್ಪ" ಎಂದೆವು.

ಅವನು ತನ್ನ ಫೋನನ್ನು ತೆಗೆದು ಹಳೆಯ ಹೊದಿಕೆಯನ್ನು ತೋರಿಸಿದ. ಹೈದರಾಬಾದು, ಚೆನ್ನೈಗಳಲ್ಲಿರುವ ನಮ್ಮ ಮಕ್ಕಳೆಲ್ಲ ಈಗ ಪತ್ರಿಕೆಯನ್ನು ಮೊದಲು ನೋಡುವುದು ಅದರಲ್ಲೇ. ಅಂಗೈಯಗಲದ ಆ ಪರದೆಯಲ್ಲಿ ನಮ್ಮ ತೇರಿನ ಸೂಕ್ಷ್ಮ ಗೆರೆಗಳೆಲ್ಲ ಕೂಡಿಕೊಂಡು ಮಸಿ ಚೆಲ್ಲಿದಂತೆ ಕಂಡವು. ಪತ್ರಿಕೆಯ ಹೆಸರು ಓದಲಾಗುತ್ತಿರಲಿಲ್ಲ. ಮೂರು ವರ್ಷದಿಂದ ಅವನು ಇದನ್ನು ನೋಡುತ್ತಿದ್ದ. ನಾವು ಒಂದು ದಿನವೂ ನೋಡಿರಲಿಲ್ಲ.

ಆಮೇಲಿನ ಸಭೆಯಲ್ಲಿ ಉಪಸಮಿತಿಯನ್ನು ಕೈಬಿಟ್ಟು ಅರ್ಧ ಪುಟದ ಒಂದು ಠರಾವನ್ನು ಬರೆದುಕೊಂಡಿದ್ದೇವೆ. ಪುಟ ಜೋಡಿಸುವವರೇ ಪತ್ರಿಕೆಯ ರೂಪದ ಬಗ್ಗೆ ಕೊನೆಯ ಮಾತು ಹೇಳತಕ್ಕದ್ದು. ದೊಡ್ಡ ಬದಲಾವಣೆಯಾದರೆ ಕಾರಣವನ್ನು ಮೊದಲೇ ಬರೆದು ಎಲ್ಲರ ಮುಂದಿಡತಕ್ಕದ್ದು. ಆಕ್ಷೇಪಣೆ ಮಾಡುವವರೂ ಕಾರಣ ಕೊಡತಕ್ಕದ್ದು. ಹಿಡಿಸಲಿಲ್ಲ ಎಂಬುದು ಕಾರಣವಲ್ಲ. ಈ ಹೊಣೆ ಎರಡು ವರ್ಷಕ್ಕೆ ಮಾತ್ರ. ಆ ಬಳಿಕ ಸದಸ್ಯರು ಮತ್ತೆ ಆರಿಸತಕ್ಕದ್ದು. ಇದೇ ನಿಯಮವು ಈ ಅಂಕಣಕ್ಕೂ ಅನ್ವಯಿಸಲೆಂದು ನಾವೇ ಸೂಚಿಸಿದೆವು. ಸಭೆ ತುಸು ಬೇಗನೆಯೇ ಅನುಮೋದಿಸಿತೆಂಬುದನ್ನೂ ಮರೆಮಾಡಬೇಕಾಗಿಲ್ಲ.

ತರುಣನು ಮರಳಿ ಬಂದಿದ್ದಾನೆ. ನೀವೀಗ ಹಿಡಿದಿರುವ ಸಂಚಿಕೆಯ ಹೊದಿಕೆ ಅವನದು. ತೇರಿಗೆ ಆರಿಸಿದ ಹಳದಿ ಬಣ್ಣ ನಮ್ಮ ಕಣ್ಣಿಗೆ ಅಷ್ಟಾಗಿ ಒಗ್ಗಿಲ್ಲ. ಅದನ್ನು ಅವನಿಗೆ ಹೇಳಿದೆವು. ಕಾರಣ ಕೇಳಿದ, ನಮ್ಮಲ್ಲಿ ಇರಲಿಲ್ಲ. ಹಳದಿಯೇ ಉಳಿಯಿತು.

ನಿಮಗೆ ಹೇಗೆ ತೋರುವುದೋ ಅವನಿಗೇ ಬರೆಯಿರಿ. ಕಾರಣವನ್ನು ಮಾತ್ರ ಮರೆಯಬೇಡಿರಿ.